ಕಾಫಿ ತೋಟದ ಮ್ಯಾಪಿಂಗ್‌ಗೆ ವರ್ಕ್‌ಸ್ಟೇಷನ್ ಪ್ರೊಸೆಸರ್ ಬೇಕೇ ಬೇಕಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ಪೊನ್ನಂಪೇಟೆ ಹತ್ತಿರ. ಸಿವಿಲ್ ಓದಿ, ಎರಡು ವರ್ಷ ಬೆಂಗಳೂರಿನಲ್ಲಿ ಸರ್ವೆ ಕೆಲಸ ಮಾಡಿ, ಈಗ ಊರಿಗೆ ವಾಪಸ್ ಬಂದಿದ್ದೇನೆ. ಡ್ರೋನ್ ಹಾರಿಸಿ ಕಾಫಿ ತೋಟಗಳ ಮ್ಯಾಪ್ ಮಾಡಿಕೊಡುತ್ತೇನೆ. ಒಂದು ತೋಟಕ್ಕೆ 600ರಿಂದ 2,000 ಫೋಟೋ ಆಗುತ್ತವೆ. ಅದನ್ನೆಲ್ಲ ಮೆಟಾಶೇಪ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಜೋಡಿಸುತ್ತೇನೆ. ಮದುವೆ ಸೀಸನ್‌ನಲ್ಲಿ ತಮ್ಮನ ಜೊತೆ 4ಕೆ ವಿಡಿಯೋ ಎಡಿಟಿಂಗ್ ಕೂಡ ಇದೆ. ಈಗಿರುವುದು 16 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್. ದೊಡ್ಡ ತೋಟ ಆದರೆ ಎರಡು ದಿನ ಹಿಡಿಯುತ್ತದೆ. ಮಧ್ಯೆ ನಿಂತುಹೋದರೆ ಮತ್ತೆ ಮೊದಲಿಂದ. ಅಪ್ಪ ಈ ಸಲದ ಕರಿಮೆಣಸಿನ ದುಡ್ಡಿನಲ್ಲಿ ಮೂರೂವರೆ ಲಕ್ಷ ಕೊಡುತ್ತೇನೆ ಅಂದಿದ್ದಾರೆ. ಬೆಂಗಳೂರಿನ ಪರಿಚಯದವರೊಬ್ಬರು, “ಇದು ಪ್ರೊಫೆಷನಲ್ ಕೆಲಸ, ಥ್ರೆಡ್‌ರಿಪ್ಪರ್ ಅಥವಾ ಜಿಯಾನ್‌ನಂಥ ವರ್ಕ್‌ಸ್ಟೇಷನ್ ಪ್ರೊಸೆಸರ್ ಇಲ್ಲದೆ ಆಗಲ್ಲ. ಮಾಮೂಲಿ ಪ್ರೊಸೆಸರ್ ಗೇಮ್ ಆಡೋರಿಗೆ. ರಾತ್ರಿಯಿಡೀ ಓಡಿಸಿದರೆ ಸುಟ್ಟು ಹೋಗುತ್ತೆ” ಅನ್ನುತ್ತಾರೆ. ಇನ್ನೊಬ್ಬರು ಎರಡು ಹಳೆ ಜಿಯಾನ್ ಇರುವ, ಒಟ್ಟು 28 ಕೋರ್‌ಗಳ ಸೆಕೆಂಡ್ ಹ್ಯಾಂಡ್ ಮಷಿನ್ ಕಡಿಮೆ ಬೆಲೆಗೆ ಕೊಡುತ್ತೇನೆ ಅಂತಾರೆ. ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ. ತಪ್ಪು ಆಯ್ಕೆ ಮಾಡಿ ಅಪ್ಪನ ದುಡ್ಡು ಹಾಳು ಮಾಡಿಬಿಡುತ್ತೇನೇನೋ ಅಂತ ಭಯ. ಯಾವುದು ತಗೊಳ್ಳಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಯಾವ ಪ್ರೊಸೆಸರ್ ಅಂತ. ಆದರೆ ಒಳಗಿರುವ ಚಿಂತೆ ಬೇರೆ: ಮಾಮೂಲಿದು ತಗೊಂಡರೆ ನಾಳೆ ಕೆಲಸ ಕೈಕೊಡುತ್ತದಾ, ದೊಡ್ಡದು ತಗೊಂಡರೆ ದುಡ್ಡು ದಂಡವಾಗುತ್ತದಾ, ಅಲ್ವಾ? ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ ನೋಡೋಣ. ನಿಮ್ಮ ಕೆಲಸಕ್ಕೆ ಮಾಮೂಲಿ ಡೆಸ್ಕ್‌ಟಾಪ್ ಪ್ರೊಸೆಸರ್ ಸಾಕು. ಸಾಕು ಅಂದರೆ ಹೇಗೋ ಸುಧಾರಿಸಬಹುದು ಅಂತ ಅಲ್ಲ. ನಿಮ್ಮ ಬಜೆಟ್‌ನಲ್ಲಿ ಅದೇ ಒಳ್ಳೆಯದು. ಉಳಿಯುವ ದುಡ್ಡನ್ನು ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಮತ್ತು ಒಳ್ಳೆಯ ಯುಪಿಎಸ್‌ಗೆ ಹಾಕಿ.

ಹೀಗೆ ಹೇಳಲು ನನಗೆ ಧೈರ್ಯ ಬಂದಿದ್ದು ಇಪ್ಪತ್ತು ವರ್ಷ ಕೊಡಗಿನಲ್ಲೇ ಮಷಿನ್ ಜೋಡಿಸಿ, ರಿಪೇರಿ ಮಾಡಿದ್ದರಿಂದ. ಇಲ್ಲಿ ಹಾಳಾದ ಪ್ರೊಸೆಸರ್ ನೋಡಿದ್ದು ಬೆರಳೆಣಿಕೆಯಷ್ಟು. ಹಾಳಾದ ಪವರ್ ಸಪ್ಲೈ, ಸಿಡಿಲಿಗೆ ಹೋದ ಬೋರ್ಡ್, ತೇವಕ್ಕೆ ತುಕ್ಕು ಹಿಡಿದ ಕನೆಕ್ಟರ್ ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ.

ಹೆಸರು ಬೇರೆ, ಒಳಗಿನ ಇಟ್ಟಿಗೆ ಒಂದೇ

“ಮಾಮೂಲಿ ಪ್ರೊಸೆಸರ್ ಗೇಮ್ ಆಡೋರಿಗೆ” ಅನ್ನುವುದು ತುಂಬಾ ಜನ ನಂಬಿರುವ ಮಾತು. ಎಎಂಡಿಯ ರೈಜನ್ 9 9950ಎಕ್ಸ್ ತಗೊಳ್ಳಿ. 16 ಕೋರ್, ಅಂದರೆ ಲೆಕ್ಕ ಮಾಡುವ ಹದಿನಾರು ಘಟಕ, 2024ರ ಆಗಸ್ಟ್‌ನಲ್ಲಿ ಬಂದಿದ್ದು. ಅದರ ಒಳಗೆ ಎಂಟೆಂಟು ಕೋರ್‌ಗಳ ಎರಡು ಚಿಕ್ಕ ಚಿಪ್ ಇವೆ. ಥ್ರೆಡ್‌ರಿಪ್ಪರ್ 9960ಎಕ್ಸ್ 24 ಕೋರ್‌ನದು, 2025ರಲ್ಲಿ ಬಂದಿದ್ದು. ಅದರಲ್ಲಿ ಅಂಥವೇ ನಾಲ್ಕು ಚಿಕ್ಕ ಚಿಪ್ ಇವೆ, ಒಂದೊಂದರಲ್ಲಿ ಆರು ಕೋರ್ ಮಾತ್ರ ಕೆಲಸ ಮಾಡುತ್ತವೆ. ಎರಡರಲ್ಲೂ ಇರುವುದು ಝೆನ್ 5 ವಿನ್ಯಾಸದ ಕೋರ್‌ಗಳೇ. ಒಂದೇ ಅಚ್ಚಿನ ಇಟ್ಟಿಗೆಯಲ್ಲಿ ಒಬ್ಬರು ಮನೆ ಕಟ್ಟಿದರು, ಇನ್ನೊಬ್ಬರು ಕಲ್ಯಾಣ ಮಂಟಪ ಕಟ್ಟಿದರು. ಇಟ್ಟಿಗೆಯ ಗಟ್ಟಿತನದಲ್ಲಿ ವ್ಯತ್ಯಾಸವಿಲ್ಲ.

ಹಾಗಾದರೆ ವರ್ಕ್‌ಸ್ಟೇಷನ್ ಪ್ರೊಸೆಸರ್‌ಗೆ ಅಷ್ಟೊಂದು ದುಡ್ಡು ಯಾಕೆ? 9950ಎಕ್ಸ್ ಬಿಡುಗಡೆಯಾದಾಗ 649 ಡಾಲರ್, 9960ಎಕ್ಸ್ 1,499 ಡಾಲರ್. ನಮ್ಮಲ್ಲಿ ಅದರ ಮೇಲೆ 18% ಜಿಎಸ್‌ಟಿ ಬೇರೆ. ಈ ಜಾಸ್ತಿ ದುಡ್ಡು ಹೋಗುವುದು ಬರೀ ವೇಗಕ್ಕಲ್ಲ. ಬಾಗಿಲುಗಳಿಗೆ. ಮಂಟಪಕ್ಕೆ ನಾಲ್ಕು ಕಡೆ ಬಾಗಿಲು ಬೇಕು, ಒಂದೇ ಸಲ ಸಾವಿರ ಜನ ಒಳಗೆ ಬರಬೇಕು. ಪ್ರೊಸೆಸರ್‌ನಲ್ಲಿ ಆ ಬಾಗಿಲು ಅಂದರೆ ಮೆಮೊರಿ ಚಾನೆಲ್ (ರ್‍ಯಾಮ್‌ಗೆ ಹೋಗುವ ದಾರಿ) ಮತ್ತು ಪಿಸಿಐ ಎಕ್ಸ್‌ಪ್ರೆಸ್ ಲೇನ್ (ಗ್ರಾಫಿಕ್ಸ್ ಕಾರ್ಡ್, ಡಿಸ್ಕ್‌ಗೆ ಹೋಗುವ ದಾರಿ).

ರೈಜನ್‌ಗೆ ಇರುವುದು ಎರಡು ಮೆಮೊರಿ ಚಾನೆಲ್. ಡಿಡಿಆರ್5-5600 ರ್‍ಯಾಮ್ ಹಾಕಿದರೆ ಸೆಕೆಂಡಿಗೆ ಸುಮಾರು 90 ಜಿಬಿ ಡೇಟಾ ಸಾಗಿಸುವಷ್ಟು ದಾರಿ. ಥ್ರೆಡ್‌ರಿಪ್ಪರ್ 9960ಎಕ್ಸ್‌ಗೆ ನಾಲ್ಕು ಚಾನೆಲ್. 6400ರ ರ್‍ಯಾಮ್ ಜೊತೆ ಸುಮಾರು 205 ಜಿಬಿ. ಥ್ರೆಡ್‌ರಿಪ್ಪರ್ ಪ್ರೊದಲ್ಲಿ ಎಂಟು ಚಾನೆಲ್. ಇಂಟೆಲ್‌ನ ಕಡೆ ಜಿಯಾನ್ ಡಬ್ಲ್ಯು-2400 ಸಾಲಿಗೆ ನಾಲ್ಕು, ಡಬ್ಲ್ಯು-3400 ಸಾಲಿಗೆ ಎಂಟು. ಲೇನ್ ಲೆಕ್ಕವೂ ಹೀಗೇ. ರೈಜನ್‌ನಲ್ಲಿ ನಮ್ಮ ಬಳಕೆಗೆ ಸಿಗುವುದು 24. ಗ್ರಾಫಿಕ್ಸ್ ಕಾರ್ಡ್ 16 ತಗೊಳ್ಳುತ್ತದೆ, ಒಂದೊಂದು ಎನ್‌ವಿಎಂಇ ಡಿಸ್ಕ್ ನಾಲ್ಕು. ಅಂದರೆ ಒಂದು ಕಾರ್ಡ್, ಎರಡು ವೇಗದ ಡಿಸ್ಕ್‌ಗೆ ಸರಿಯಾಗಿ ಹೊಂದುತ್ತದೆ. ಮೂರು ನಾಲ್ಕು ಗ್ರಾಫಿಕ್ಸ್ ಕಾರ್ಡ್ ಹಾಕುವವರಿಗೆ ಅದು ಸಾಲುವುದಿಲ್ಲ. ಅಂಥವರಿಗೆ ಥ್ರೆಡ್‌ರಿಪ್ಪರ್ ಪ್ರೊದ 128 ಲೇನ್ ನಿಜವಾಗಿ ಬೇಕು.

ನೀವು ಹಾಕುವುದು ಎಷ್ಟು ಕಾರ್ಡ್? ಒಂದು. ಅಲ್ಲಿಗೆ ಅರ್ಧ ಪ್ರಶ್ನೆ ಮುಗಿಯಿತು.

ರಾತ್ರಿಯಿಡೀ ಓಡಿಸಿದರೆ ಸುಡುತ್ತದೆ ಅನ್ನುವುದೂ ನಿಜವಲ್ಲ. 9950ಎಕ್ಸ್ 95 ಡಿಗ್ರಿವರೆಗೆ ಕೆಲಸ ಮಾಡುವಂತೆ ಮಾಡಿದ ಚಿಪ್. ಅದಕ್ಕಿಂತ ಬಿಸಿಯಾಗಲು ಹೊರಟರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಒಳ್ಳೆಯ ಕೂಲರ್ ಇದ್ದರೆ ವಾರಗಟ್ಟಲೆ ಓಡಿಸಬಹುದು. ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ವೋಲ್ಟೇಜ್ ಅಗತ್ಯಕ್ಕಿಂತ ಏರಿ ಚಿಪ್ ನಿಧಾನವಾಗಿ ಹಾಳಾಗುವ ತೊಂದರೆ ಇತ್ತು. 2024ರಲ್ಲಿ ಕಂಪನಿಯೇ ಅದನ್ನು ಒಪ್ಪಿಕೊಂಡು, ಸರಿಪಡಿಸುವ ಮೈಕ್ರೋಕೋಡ್ (ಚಿಪ್ ಒಳಗೆ ಓಡುವ ಸಾಫ್ಟ್‌ವೇರ್) ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದ್ದರಿಂದ ಸೆಕೆಂಡ್ ಹ್ಯಾಂಡ್ 13900ಕೆ, 14900ಕೆ ಯಾರಾದರೂ ತೋರಿಸಿದರೆ ಬೇಡ ಅನ್ನಿ. ಮೊದಲು ಅದನ್ನು ಹೇಗೆ ಓಡಿಸಿದ್ದರೋ ನಮಗೆ ಗೊತ್ತಾಗುವುದಿಲ್ಲ.

ಕೋರ್ ಜಾಸ್ತಿಯಾದರೆ ಕೆಲಸ ಬೇಗ ಮುಗಿಯುತ್ತದಾ?

ಇದಕ್ಕೆ ತೋಟದ ಲೆಕ್ಕವೇ ಸರಿ. ಅರೇಬಿಕಾ ಕೊಯ್ಲು ನಡೆಯುತ್ತಿದೆ ಅಂದುಕೊಳ್ಳಿ. ಹತ್ತು ಜನ ಕೊಯ್ಯುವ ಕಡೆ ಇಪ್ಪತ್ತು ಜನ ಬಿಟ್ಟರೆ ಹಣ್ಣು ಬೇಗ ಬರುತ್ತದೆ. ಆದರೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇರುವುದು ಒಂದೇ. ಐವತ್ತು ಜನ ಬಿಟ್ಟರೂ ಪಲ್ಪರ್ ಓಡುವ ಹೊತ್ತು ಕಡಿಮೆ ಆಗುವುದಿಲ್ಲ. ಚೀಲಗಳು ಸಾಲಾಗಿ ಕಾಯುತ್ತಾ ಕೂರುತ್ತವೆ.

ಕಂಪ್ಯೂಟರ್‌ನಲ್ಲೂ ಹಂಚಿಕೊಂಡು ಮಾಡಬಹುದಾದ ಕೆಲಸ ಇರುತ್ತದೆ, ಒಂದರ ನಂತರ ಒಂದು ಮಾತ್ರ ಮಾಡಬಹುದಾದ ಕೆಲಸ ಇರುತ್ತದೆ. ಜೀನ್ ಆಮ್ಡಾಲ್ ಅನ್ನುವ ಎಂಜಿನಿಯರ್ 1967ರಲ್ಲೇ ಈ ಮಿತಿಯನ್ನು ಎತ್ತಿ ತೋರಿಸಿದ್ದರು. ಒಂದೇ ಕೋರ್‌ನಲ್ಲಿ 100 ನಿಮಿಷ ಹಿಡಿಯುವ ಕೆಲಸ ಇದೆ, ಅದರಲ್ಲಿ 10 ನಿಮಿಷದ್ದು ಹಂಚಲು ಬರುವುದಿಲ್ಲ ಅಂತ ಇಟ್ಟುಕೊಳ್ಳಿ. 16 ಕೋರ್‌ಗೆ ಅದು ಸುಮಾರು ಹದಿನೈದೂವರೆ ನಿಮಿಷ. 32 ಕೋರ್‌ಗೆ ಹದಿಮೂರರ ಹತ್ತಿರ. 64 ಕೋರ್‌ಗೆ ಹನ್ನೊಂದೂವರೆ. ಕೋರ್ ನಾಲ್ಕು ಪಟ್ಟಾಯಿತು, ಬೆಲೆ ಅದಕ್ಕಿಂತ ಜಾಸ್ತಿ ಆಯಿತು, ಉಳಿದಿದ್ದು ನಾಲ್ಕು ನಿಮಿಷ. ಇದರ ಮೇಲೆ ಇನ್ನೊಂದಿದೆ. ಕೋರ್ ಹೆಚ್ಚಾದ ಹಾಗೆ ಸಾಮಾನ್ಯವಾಗಿ ಒಂದೊಂದು ಕೋರ್ ಓಡುವ ವೇಗ ಸ್ವಲ್ಪ ಇಳಿಯುತ್ತದೆ. 9950ಎಕ್ಸ್ 5.7 ಗಿಗಾಹರ್ಟ್ಸ್‌ವರೆಗೆ ಹೋದರೆ 9960ಎಕ್ಸ್ 5.4ಕ್ಕೆ ನಿಲ್ಲುತ್ತದೆ. ಹಂಚಲು ಬಾರದ ಆ ಹತ್ತು ನಿಮಿಷದಲ್ಲಿ ಮಾಮೂಲಿ ಪ್ರೊಸೆಸರೇ ಒಂದು ಹೆಜ್ಜೆ ಮುಂದೆ.

ಮೆಟಾಶೇಪ್‌ನಲ್ಲಿ ನಿಮ್ಮ ಪಲ್ಪರ್ ಎಲ್ಲಿದೆ ನೋಡೋಣ. ಮೊದಲ ಹಂತ, ಫೋಟೋಗಳಲ್ಲಿ ಒಂದೇ ಜಾಗದ ಗುರುತುಗಳನ್ನು ಹುಡುಕಿ ಹೊಂದಿಸುವುದು. ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಸಹಾಯ ಮಾಡುತ್ತದೆ. ಆಮೇಲೆ ಪ್ರತಿ ಫೋಟೋ ತೆಗೆದಾಗ ಕ್ಯಾಮೆರಾ ಎಲ್ಲಿತ್ತು, ಯಾವ ಕೋನದಲ್ಲಿತ್ತು ಅಂತ ಕೂಡಿಸಿ ಕಳೆದು ಹೊಂದಿಸುವುದು. ಇದು ಪ್ರೊಸೆಸರ್‌ನ ಕೆಲಸ. ಕೋರ್ ಎಷ್ಟು ಸುರಿದರೂ ಇಲ್ಲಿ ಅಷ್ಟೇ ಲಾಭ ಬರುವುದಿಲ್ಲ, ಒಂದೊಂದು ಕೋರ್ ವೇಗವಾಗಿರಬೇಕು. ಮೂರನೆಯದು ಡೆಪ್ತ್ ಮ್ಯಾಪ್, ಅಂದರೆ ಫೋಟೋದ ಪ್ರತಿ ಚುಕ್ಕಿ ಎಷ್ಟು ದೂರದಲ್ಲಿದೆ ಅನ್ನುವ ಲೆಕ್ಕ. ಅದು ಹೆಚ್ಚುಕಡಿಮೆ ಪೂರ್ತಿ ಗ್ರಾಫಿಕ್ಸ್ ಕಾರ್ಡ್ ಮೇಲೆ ನಿಂತಿದೆ. ಕೊನೆಗೆ ಎತ್ತರದ ಮಾಡೆಲ್ ಮತ್ತು ಆರ್ಥೋಮೊಸಾಯಿಕ್, ಅಂದರೆ ಎಲ್ಲ ಫೋಟೋ ಸೇರಿಸಿದ ಒಂದೇ ಮ್ಯಾಪ್. ಅಲ್ಲಿ ಪ್ರೊಸೆಸರ್, ಡಿಸ್ಕ್, ರ್‍ಯಾಮ್ ಮೂರೂ ದುಡಿಯುತ್ತವೆ.

ಹಾಗಾಗಿ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎರಡು ದಿನ ಹಿಡಿಯಲು ಕೋರ್ ಕಡಿಮೆ ಇರುವುದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. 16 ಜಿಬಿ ರ್‍ಯಾಮ್ ತುಂಬಿ, ಉಳಿದಿದ್ದನ್ನು ಡಿಸ್ಕ್‌ಗೆ ಬರೆದು, ಮತ್ತೆ ಓದಿ, ಮತ್ತೆ ಬರೆದು ಸುಸ್ತಾಗುತ್ತಿದೆ. ಊಹೆ ಬೇಡ, ಪರೀಕ್ಷೆ ಮಾಡಿ. ಮುಂದಿನ ತೋಟದ ಕೆಲಸ ಓಡುವಾಗ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಳ್ಳಿ. ಪ್ರೊಸೆಸರ್ 30% ಅಂತ ತೋರಿಸುತ್ತಾ, ಮೆಮೊರಿ ತುಂಬಿ, ಡಿಸ್ಕ್ 100% ಅಂತ ಇದ್ದರೆ ತೊಂದರೆ ರ್‍ಯಾಮ್‌ನದು. ಇನ್ನೊಂದು ದಾರಿಯೂ ಇದೆ. ಮೆಟಾಶೇಪ್‌ನಲ್ಲಿ ಕೆಲಸ ಮುಗಿದ ಮೇಲೆ ಚಂಕ್‌ನ (ಒಟ್ಟಿಗೆ ಓಡಿಸುವ ಫೋಟೋಗಳ ಗುಂಪಿನ) ಮಾಹಿತಿ ತೆರೆದರೆ ಯಾವ ಹಂತಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿರುತ್ತದೆ. ಅದನ್ನು ಈಗಲೇ ಬರೆದಿಟ್ಟುಕೊಳ್ಳಿ. ಅಂಗಡಿಯವರು, ನೆಂಟರು, ನಾನು, ಯಾರು ಏನೇ ಹೇಳಿದರೂ ಆ ಹಾಳೆ ಹೇಳುವುದೇ ನಿಜ.

ಅಂದಹಾಗೆ, 2,000 ಫೋಟೋವನ್ನು ಒಂದೇ ಗಂಟು ಮಾಡಿ ಓಡಿಸಲೇಬೇಕು ಅಂತೇನೂ ಇಲ್ಲ. ತೋಟವನ್ನು ಎರಡು ಮೂರು ಚಂಕ್ ಮಾಡಿ, ಅಂಚುಗಳು ಒಂದರ ಮೇಲೊಂದು ಬರುವಂತೆ ಇಟ್ಟು, ಆಮೇಲೆ ಸೇರಿಸಬಹುದು. ಓಪನ್‌ಡ್ರೋನ್‌ಮ್ಯಾಪ್ ಅನ್ನುವ ಇನ್ನೊಂದು ಮ್ಯಾಪಿಂಗ್ ಸಾಫ್ಟ್‌ವೇರ್‌ನಲ್ಲೂ ಹೀಗೆ ಒಡೆದು ಸೇರಿಸುವ ಸೌಲಭ್ಯ ಇದೆ. ಕರೆಂಟ್ ಹೋದಾಗ ಮೊದಲಿಂದ ಶುರು ಮಾಡುವ ಗೋಳೂ ಅರ್ಧ ತಪ್ಪುತ್ತದೆ. ಪ್ರತಿ ಹಂತ ಮುಗಿದ ಮೇಲೆ ತಾನೇ ಸೇವ್ ಆಗುವಂತೆ ಬ್ಯಾಚ್‌ನಲ್ಲಿ ಹಾಕಿಡಿ.

ಮದುವೆ ವಿಡಿಯೋ: ಇಲ್ಲಿ ದೊಡ್ಡದೇ ಸೋಲಬಹುದು

ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಈಗಿನ ಒಳ್ಳೆಯ ಕ್ಯಾಮೆರಾಗಳು ಎಚ್.265 ಅನ್ನುವ, ವಿಡಿಯೋ ಒತ್ತಿ ಚಿಕ್ಕದು ಮಾಡುವ ವಿಧಾನದಲ್ಲಿ, 10 ಬಿಟ್, 4:2:2 ಬಣ್ಣದಲ್ಲಿ (ಬಣ್ಣದ ವಿವರ ಹೆಚ್ಚು ಉಳಿಸುವ ರೀತಿ) ರೆಕಾರ್ಡ್ ಮಾಡುತ್ತವೆ. ಆ ಫೈಲ್ ಬಿಡಿಸುವುದು ಪ್ರೊಸೆಸರ್‌ಗೆ ಭಾರಿ ಕೆಲಸ. ಅದಕ್ಕೆ ಅಂತಲೇ ಚಿಪ್‌ನಲ್ಲಿ ಪ್ರತ್ಯೇಕ ಭಾಗ ಇರಬೇಕು. ಇಂಟೆಲ್‌ನ ಮಾಮೂಲಿ ಪ್ರೊಸೆಸರ್‌ಗಳಲ್ಲಿ, 11ನೇ ತಲೆಮಾರಿನಿಂದ ಈಚೆಗೆ, ಒಳಗಿನ ಗ್ರಾಫಿಕ್ಸ್‌ನ ಕ್ವಿಕ್ ಸಿಂಕ್ ಇದನ್ನು ಮಾಡುತ್ತದೆ. ಥ್ರೆಡ್‌ರಿಪ್ಪರ್‌ನಲ್ಲಿ ಒಳಗಿನ ಗ್ರಾಫಿಕ್ಸೇ ಇಲ್ಲ. ರೈಜನ್‌ನ ಒಳಗಿನ ಗ್ರಾಫಿಕ್ಸ್ ಇದ್ದರೂ 4:2:2 ಅದರ ಕೈಯಲ್ಲಿ ಆಗುವುದಿಲ್ಲ. ಎನ್‌ವಿಡಿಯಾದ ಕಾರ್ಡ್‌ಗಳಲ್ಲಿ ಆರ್‌ಟಿಎಕ್ಸ್ 50 ಸಾಲಿನಿಂದ ಈ ಸೌಲಭ್ಯ ಬಂದಿದೆ, ಅದಕ್ಕಿಂತ ಹಿಂದಿನವುಗಳಲ್ಲಿ ಇಲ್ಲ.

ನನ್ನ ಹತ್ತಿರ ಬರುವ ಒಬ್ಬರು ಫೋಟೋಗ್ರಾಫರ್ ಹಳೆಯ ತಲೆಮಾರಿನ ದುಬಾರಿ ವರ್ಕ್‌ಸ್ಟೇಷನ್ ತಂದು, ಟೈಮ್‌ಲೈನ್ ತಡವರಿಸುತ್ತಿದೆ ಅಂತ ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಪಕ್ಕದ ಟೇಬಲ್‌ನಲ್ಲಿ ಅವರ ಅಸಿಸ್ಟೆಂಟ್‌ನ ಇಂಟೆಲ್ ಲ್ಯಾಪ್‌ಟಾಪ್ ಅದೇ ಫೈಲನ್ನು ಸಲೀಸಾಗಿ ಓಡಿಸುತ್ತಿತ್ತು. ತಪ್ಪು ಅವರದಲ್ಲ. ಮಾರಿದವರು ಯಾವ ಕ್ಯಾಮೆರಾ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ನೀವು ತಮ್ಮನ ಕ್ಯಾಮೆರಾ ಸೆಟ್ಟಿಂಗ್ ಒಮ್ಮೆ ನೋಡಿ. ಬಣ್ಣದ ವಿವರ ಕಡಿಮೆ ಇರುವ 4:2:0 ಇದ್ದರೆ ಈ ತಲೆನೋವು ಅಷ್ಟಾಗಿ ಇಲ್ಲ.

ಇಸಿಸಿ ಮೆಮೊರಿ ಬೇಕಾ?

ವರ್ಕ್‌ಸ್ಟೇಷನ್ ಪರ ಮಾತಾಡುವವರು ಎತ್ತುವ ಒಂದು ವಾದಕ್ಕೆ ನಾನು ಪೂರ್ತಿ ಗೌರವ ಕೊಡುತ್ತೇನೆ. ಅದು ಇಸಿಸಿ. ಮೆಮೊರಿಯಲ್ಲಿ ಒಂದು ಬಿಟ್ (0 ಅಥವಾ 1) ತಾನಾಗಿ ತಿರುಗಿಬಿಡುವುದು ಉಂಟು. 2003ರಲ್ಲಿ ಬೆಲ್ಜಿಯಂನ ಸ್ಕಾರ್ಬೀಕ್‌ನಲ್ಲಿ ಎಲೆಕ್ಟ್ರಾನಿಕ್ ಮತದಾನದಲ್ಲಿ ಒಬ್ಬ ಅಭ್ಯರ್ಥಿಗೆ 4,096 ಮತ ಹೆಚ್ಚಾಗಿ ಬಂದಿತ್ತು. ಆ ಸಂಖ್ಯೆ ಎರಡರ ಹನ್ನೆರಡನೇ ಘಾತ. ಒಂದೇ ಒಂದು ಬಿಟ್ ತಿರುಗಿರಬೇಕು ಅಂತ ತನಿಖೆ ಮಾಡಿದವರು ಅಂದಾಜಿಸಿದರು. ಇಸಿಸಿ ಮೆಮೊರಿ ಇಂಥ ಒಂದು ಬಿಟ್‌ನ ತಪ್ಪನ್ನು ಹಿಡಿದು ಸರಿ ಮಾಡುತ್ತದೆ.

ಇಲ್ಲಿ ಎರಡು ತಪ್ಪು ತಿಳುವಳಿಕೆ ಓಡಾಡುತ್ತಿವೆ. ಒಂದು, “ಡಿಡಿಆರ್5 ಅಂದರೆ ಎಲ್ಲಾ ಇಸಿಸಿಯೇ” ಅನ್ನುವುದು. ಅಲ್ಲ. ಡಿಡಿಆರ್5 ಚಿಪ್ ತನ್ನೊಳಗಿನ ತಪ್ಪನ್ನು ಮಾತ್ರ ಸರಿಮಾಡಿಕೊಳ್ಳುತ್ತದೆ. ಚಿಪ್‌ನಿಂದ ಪ್ರೊಸೆಸರ್‌ಗೆ ಹೋಗುವ ದಾರಿಯಲ್ಲಿ ಆಗುವ ತಪ್ಪನ್ನು ಅದು ನೋಡುವುದಿಲ್ಲ. ಎರಡು, “ಇಸಿಸಿ ಬೇಕಾದರೆ ಜಿಯಾನೇ ಬೇಕು” ಅನ್ನುವುದು. ಅದೂ ಅಲ್ಲ. ರೈಜನ್ 9 ಸಾಲು ಇಸಿಸಿ ಒಪ್ಪುತ್ತದೆ, ಮದರ್‌ಬೋರ್ಡ್ ಕೂಡ ಒಪ್ಪಬೇಕು ಅಷ್ಟೇ. ಇಂಟೆಲ್‌ನ ಮಾಮೂಲಿ ಕೋರ್ ಪ್ರೊಸೆಸರ್‌ಗೂ ಡಬ್ಲ್ಯು680, ಡಬ್ಲ್ಯು880 ಚಿಪ್‌ಸೆಟ್ ಬೋರ್ಡ್ ಹಾಕಿದರೆ ಇಸಿಸಿ ಸಿಗುತ್ತದೆ. ಕೊಳ್ಳುವಾಗ ಒಂದು ವಿಷಯ ನೆನಪಿಡಿ. ಮಾಮೂಲಿ ಬೋರ್ಡ್‌ಗೆ ಬೇಕಾದ್ದು ಯುಡಿಐಎಂಎಂ ಅನ್ನುವ ಬಗೆಯ ರ್‍ಯಾಮ್ ಕಡ್ಡಿ, ಥ್ರೆಡ್‌ರಿಪ್ಪರ್‌ಗೆ ಬೇಕಾದ್ದು ಆರ್‌ಡಿಐಎಂಎಂ ಅನ್ನುವ ಬಗೆ. ಒಂದರ ಸ್ಲಾಟ್‌ಗೆ ಇನ್ನೊಂದು ಕೂರುವುದೇ ಇಲ್ಲ.

ನಿಮಗೆ ಬೇಕಾ? ತೋಟದ ಮ್ಯಾಪ್‌ನಲ್ಲಿ ಒಂದು ಬಿಟ್ ತಪ್ಪಿದರೆ ಹೆಚ್ಚಾಗಿ ಆಗುವುದು ಪ್ರೋಗ್ರಾಂ ನಿಂತುಹೋಗುವುದು ಅಥವಾ ಎಲ್ಲೋ ಒಂದು ಚುಕ್ಕಿ ತಪ್ಪುವುದು. 2018ರ ಭೂಕುಸಿತದ ನಂತರ ಇಳಿಜಾರಿನಲ್ಲಿ ಮನೆ ಕಟ್ಟುವವರು ಎತ್ತರದ ಮ್ಯಾಪ್ ಕೇಳುವುದು ಸಹಜ. ಅಂಥ ಕೆಲಸದಲ್ಲಿ ತಪ್ಪಾಗಬಾರದು, ನಿಜ. ಆದರೆ ಅಲ್ಲಿ ತಪ್ಪು ನುಸುಳುವುದು ಬಿಟ್‌ನಿಂದಲ್ಲ. ಜಿಸಿಪಿ (ಅಳತೆಗಾಗಿ ನೆಲದ ಮೇಲೆ ಇಡುವ ಗುರುತು) ಸರಿಯಾಗಿ ಇಡದಿರುವುದರಿಂದ, ಸಿಲ್ವರ್ ಓಕ್ ತುದಿಯನ್ನೇ ನೆಲ ಅಂತ ತಿಳಿಯುವುದರಿಂದ. ಸರ್ವೆ ಮಾಡಿದ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಇಸಿಸಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಪರವಾಗಿಲ್ಲ. ಅದಕ್ಕಾಗಿಯೇ ಲಕ್ಷ ಹೆಚ್ಚು ಕೊಡಬೇಡಿ.

ಆ ಹಳೆಯ ಎರಡು ಜಿಯಾನ್

28 ಕೋರ್ ಅಂತ ಬರೆದಿದ್ದೀರಿ. ಕಡಿಮೆ ಬೆಲೆಗೆ ಓಡಾಡುವ ಇಂಥ ಮಷಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇ5-2680 ವಿ4, 2016ರ ಚಿಪ್. ಒಂದಕ್ಕೆ 14 ಕೋರ್, ಜಾಸ್ತಿ ಅಂದರೆ 3.3 ಗಿಗಾಹರ್ಟ್ಸ್. ಒಂದು ಕೋರ್‌ಗೆ ಒಂದು ಕೋರ್ ಇಟ್ಟು ನೋಡಿದರೆ ಈಗಿನ ರೈಜನ್ ಅದರ ಎರಡು ಪಟ್ಟಿಗಿಂತ ವೇಗ. 28 ನಿಧಾನದ ಕೋರ್‌ಗಿಂತ 16 ವೇಗದ ಕೋರ್ ನಿಮ್ಮ ಕೆಲಸದಲ್ಲಿ ಮುಂದೆ ಹೋಗುತ್ತವೆ. ಮೆಮೊರಿ ಎರಡು ಪ್ರೊಸೆಸರ್ ನಡುವೆ ಹಂಚಿಹೋಗಿರುತ್ತದೆ, ಪಕ್ಕದವನ ಮೆಮೊರಿ ಬೇಕಾದಾಗಲೆಲ್ಲ ದಾರಿ ದೂರ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಚಿಪ್ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸುಮ್ನೆ ಆನ್ ಇದ್ದರೂ ಕರೆಂಟ್ ಜಾಸ್ತಿ ತಿನ್ನುತ್ತದೆ. ಬೋರ್ಡ್ ಹೋದರೆ ಇನ್ನೊಂದು ಸೆಕೆಂಡ್ ಹ್ಯಾಂಡ್ ಬೋರ್ಡ್ ಹುಡುಕಬೇಕು. ಕಲಿಯುವವರಿಗೆ, ಮನೆಯಲ್ಲಿ ಸರ್ವರ್ ಇಟ್ಟು ಆಡುವವರಿಗೆ ಅದು ಒಳ್ಳೆಯ ಸಾಮಾನು. ದುಡಿದು ತಿನ್ನಬೇಕಾದವರಿಗೆ ಅಲ್ಲ.

ಹಾಗಾದರೆ ನಾನೇ ಆಗಿದ್ದರೆ

ರೈಜನ್ 9 9950ಎಕ್ಸ್ ಹಾಕುತ್ತಿದ್ದೆ. ಎಕ್ಸ್3ಡಿ ಅಂತ ಇರುವ ಮಾದರಿ ಬೇಡ, ಅದರ ಹೆಚ್ಚಿನ ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) ಮುಖ್ಯವಾಗಿ ಗೇಮ್‌ಗೆ ಉಪಯೋಗ. ರ್‍ಯಾಮ್ ಎರಡೇ ಕಡ್ಡಿ, 48 ಜಿಬಿಯ ಎರಡು, ಒಟ್ಟು 96. ನಾಲ್ಕು ಕಡ್ಡಿ ಯಾಕೆ ಬೇಡ ಅಂದರೆ, ಈ ಪ್ರೊಸೆಸರ್‌ಗೆ ನಾಲ್ಕೂ ಸ್ಲಾಟ್ ತುಂಬಿದಾಗ ಅಧಿಕೃತ ವೇಗ 5600ರಿಂದ 3600ಕ್ಕೆ ಇಳಿಯುತ್ತದೆ. ಮಾಮೂಲಿ ಪ್ರೊಸೆಸರ್‌ನ ನಿಜವಾದ ಬಲಹೀನತೆ ಇದೇ. ಕೋರ್ ಎಣಿಕೆ ಅಲ್ಲ. 2025ರ ಕೊನೆಯಿಂದ ರ್‍ಯಾಮ್ ಬೆಲೆ ತುಂಬಾ ಏರಿದೆ. ಕೈಗೆ ಎಟುಕದಿದ್ದರೆ 32ರ ಎರಡು ಹಾಕಿ, ದೊಡ್ಡ ತೋಟವನ್ನು ಚಂಕ್ ಮಾಡಿ ಓಡಿಸಿ. 64 ಜಿಬಿಯೇ ನಿಮ್ಮ ಈಗಿನದರ ನಾಲ್ಕು ಪಟ್ಟು. ಗ್ರಾಫಿಕ್ಸ್‌ಗೆ 16 ಜಿಬಿಯ ಆರ್‌ಟಿಎಕ್ಸ್ 5070 ಟಿಐ. ಡೆಪ್ತ್ ಮ್ಯಾಪ್‌ಗೂ ಆಯಿತು, 4:2:2 ವಿಡಿಯೋಗೂ ಆಯಿತು. ಎರಡು ಎನ್‌ವಿಎಂಇ ಡಿಸ್ಕ್, ಒಂದು ವಿಂಡೋಸ್‌ಗೆ, ಒಂದು ಓಡುತ್ತಿರುವ ಕೆಲಸಕ್ಕೆ.

ಹಳೆಯ ಸಾಲಿನ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಂಡು, ವಿಡಿಯೋ ಕೆಲಸವೇ ಜಾಸ್ತಿ ಅನ್ನುವುದಾದರೆ ಇಂಟೆಲ್ ಕೋರ್ ಅಲ್ಟ್ರಾ 9 285ಕೆ ಕೂಡ ಒಳ್ಳೆಯ ಆಯ್ಕೆ. 24 ಕೋರ್, ಅದರಲ್ಲಿ ಎಂಟು ದೊಡ್ಡವು, ಹದಿನಾರು ಚಿಕ್ಕವು. ಕ್ವಿಕ್ ಸಿಂಕ್ ಜೊತೆಗೇ ಬರುತ್ತದೆ. ನಾನು ರೈಜನ್ ಕಡೆ ವಾಲುವುದು ಮುಂದಿನ ದಿನ ನೋಡಿ. ರೈಜನ್ ಕೂರುವ ಎಎಂ5 ಸಾಕೆಟ್‌ಗೆ 2027 ಮತ್ತು ಅದರಾಚೆಗೂ ಬೆಂಬಲ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ. ಎರಡು ವರ್ಷ ಬಿಟ್ಟು ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸಬಹುದು. ವರ್ಕ್‌ಸ್ಟೇಷನ್ ಸಾಕೆಟ್‌ಗೆ ಈ ಭರವಸೆ ಯಾವಾಗಲೂ ಇರುವುದಿಲ್ಲ. 2019ರಲ್ಲಿ ಥ್ರೆಡ್‌ರಿಪ್ಪರ್ 3000 ಜೊತೆ ಬಂದ ಸಾಕೆಟ್‌ಗೆ ಮುಂದಿನ ತಲೆಮಾರೇ ಬರಲಿಲ್ಲ.

ದೊಡ್ಡದು ಯಾರಿಗೆ ಬೇಕು ಅಂತಲೂ ಹೇಳುತ್ತೇನೆ. 256 ಜಿಬಿಗಿಂತ ಹೆಚ್ಚು ರ್‍ಯಾಮ್ ದಿನಾ ಬೇಕಾದವರಿಗೆ. ನೀರಿನ ಹರಿವು, ಗಾಳಿಯ ಒತ್ತಡ ಲೆಕ್ಕ ಹಾಕುವವರಿಗೆ, ಯಾಕೆಂದರೆ ಆ ಲೆಕ್ಕಗಳು ಮೆಮೊರಿ ದಾರಿಯ ಅಗಲಕ್ಕೆ ಹಸಿದಿರುತ್ತವೆ. ಮೂರು ನಾಲ್ಕು ಗ್ರಾಫಿಕ್ಸ್ ಕಾರ್ಡ್ ಹಾಕಿ ರೆಂಡರ್ ಮಾಡುವವರಿಗೆ. ಮೈಸೂರಿನ ಒಬ್ಬ ಎಂಜಿನಿಯರ್‌ಗೆ ನಾನೇ ಒತ್ತಾಯ ಮಾಡಿ ಥ್ರೆಡ್‌ರಿಪ್ಪರ್ ಪ್ರೊ ಹಾಕಿಸಿದ್ದೇನೆ. ಕಾಲುವೆ ನೀರಿನ ಸಿಮ್ಯುಲೇಷನ್ ಅವರ ಕೆಲಸ, ಎಂಟು ಚಾನೆಲ್‌ನ ಒಂದೊಂದು ರೂಪಾಯಿಯೂ ಅಲ್ಲಿ ವಸೂಲಾಯಿತು. ನಾಳೆ ನಿಮಗೆ ಇಡೀ ಹೋಬಳಿಯ ಸರ್ವೆ ಸಿಕ್ಕಿ, 20,000 ಫೋಟೋ ಒಟ್ಟಿಗೆ ಓಡಿಸುವ ಕಾಲ ಬಂದರೆ ಆಗ ಬರೆಯಿರಿ, ಬೇರೆ ಉತ್ತರ ಕೊಡುತ್ತೇನೆ.

ಕರೆಂಟ್, ಸಿಡಿಲು, ತೇವ

ಬೆಂಗಳೂರಿನವರು ಲೆಕ್ಕಕ್ಕೆ ತಗೊಳ್ಳದ ವಿಷಯ ಇದು. ನಮ್ಮಲ್ಲಿ ಪ್ರೊಸೆಸರ್ ಆಯ್ಕೆಯನ್ನು ಇದೇ ತೀರ್ಮಾನಿಸಬೇಕು ಅಂತ ನನ್ನ ಅಭಿಪ್ರಾಯ. 9950ಎಕ್ಸ್ ಪೂರ್ತಿ ಜೋರಾಗಿ ಓಡುವಾಗ 230 ವಾಟ್‌ವರೆಗೆ ಎಳೆಯುತ್ತದೆ, ಕಾರ್ಡ್ 300, ಉಳಿದಿದ್ದೆಲ್ಲ ಸೇರಿ ಸುಮಾರು 600. ಥ್ರೆಡ್‌ರಿಪ್ಪರ್ 9960ಎಕ್ಸ್ ಒಂದೇ 350 ವಾಟ್‌ನದು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು 360 ವಾಟ್ ಅಷ್ಟೇ. ಕರೆಂಟ್ ಹೋದ ಕ್ಷಣವೇ ಅದು ಕುಂಯ್ ಅಂತ ಕೂಗಿ ಮಷಿನ್ ಆರಿಸಿಬಿಡುತ್ತದೆ. ನಿಮಗೆ ಬೇಕಾದ್ದು ಕನಿಷ್ಠ 1,500 ವಿಎ, ಅದೂ ಪ್ಯೂರ್ ಸೈನ್ ವೇವ್. ಮನೆಯ ದೀಪ, ಫ್ಯಾನ್‌ಗೆ ಇರುವ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಇದನ್ನು ಕೊಡಲೇಬೇಡಿ. ಈಗಿನ ಒಳ್ಳೆಯ ಪವರ್ ಸಪ್ಲೈಗಳಿಗೆ ಆ ಅಲೆ ಒಗ್ಗುವುದಿಲ್ಲ.

ರೈಜನ್‌ನಲ್ಲಿ ಇಕೋ ಮೋಡ್ ಅಂತ ಇದೆ. ಕಂಪನಿ ಈ ಚಿಪ್‌ಗೆ ಬರೆದಿರುವ ಮಟ್ಟ 170 ವಾಟ್ (ಪೂರ್ತಿ ಜೋರಿನಲ್ಲಿ ಅದೇ 230ರವರೆಗೆ ಹೋಗುವುದು), ಬಯೋಸ್‌ನಲ್ಲಿ ಅದನ್ನು 105ಕ್ಕೆ ಇಳಿಸಬಹುದು. ವಾಟ್ ಇಳಿದಷ್ಟು ವೇಗ ಇಳಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಜನರೇಟರ್ ಮೇಲೆ ದಿನ ದೂಡುವಾಗ, ಹಾಗೆ ಇಟ್ಟುಬಿಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಸುತ್ತಮುತ್ತ ಸ್ಪ್ರಿಂಕ್ಲರ್ ಪಂಪ್ ಶುರುವಾದಾಗ ವೋಲ್ಟೇಜ್ ಬೀಳುತ್ತದೆ, ಆಗ ದೊಡ್ಡ ಕೆಲಸವನ್ನು ರಾತ್ರಿಗೆ ಇಟ್ಟುಕೊಳ್ಳಿ. ಹೂಮಳೆ ಜೊತೆ ಗುಡುಗು ಬಂದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಿ. ಇಂಟರ್‌ನೆಟ್ ಕೇಬಲ್ ಕೂಡ ಕೀಳಿ. ನಾನು ನೋಡಿದ ಸಿಡಿಲಿನ ಕೇಸ್‌ಗಳಲ್ಲಿ ಅರ್ಧ ಆ ಕೇಬಲ್‌ನಿಂದಲೇ ಬಂದಿದ್ದು. ಮನೆಯ ಅರ್ತಿಂಗ್ ಎಲೆಕ್ಟ್ರಿಷಿಯನ್ ಕೈಲಿ ಒಮ್ಮೆ ಅಳೆಸಿ.

ತೇವಕ್ಕೆ ಒಂದೇ ಮದ್ದು, ಮಷಿನ್ ನೆಲದ ಮೇಲೆ ಇಡಬೇಡಿ, ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಾ ಒಂದು ಗಂಟೆ ಓಡಿಸಿ. ಆ ಬಿಸಿಯೇ ಒಳಗಿನ ತೇವ ಓಡಿಸುತ್ತದೆ. ಮತ್ತೆ ವಾರಂಟಿ. ಮಾಮೂಲಿ ಬೋರ್ಡ್, ರ್‍ಯಾಮ್ ಮೈಸೂರಿನಲ್ಲಿ ಸಿಗುತ್ತವೆ, ಬೆಳಗ್ಗೆ ಬಸ್ ಹತ್ತಿದರೆ ಸಂಜೆಗೆ ವಾಪಸ್. ವರ್ಕ್‌ಸ್ಟೇಷನ್ ಬೋರ್ಡ್ ಕೆಟ್ಟರೆ ಬೆಂಗಳೂರಿಗೆ ಕೊರಿಯರ್, ಅಲ್ಲಿಂದ ಇನ್ನೆಲ್ಲಿಗೋ. ನನ್ನ ಒಬ್ಬ ಗ್ರಾಹಕರು ಹಾಗೆ ಕೊಟ್ಟ ಬೋರ್ಡ್‌ಗೆ ಆರು ವಾರ ಕಾದರು. ಆ ಆರು ವಾರ ಅವರ ಮದುವೆ ಸೀಸನ್ ಆಗಿತ್ತು.

ಮಷಿನ್ ಮನೆಗೆ ಬಂದ ದಿನದ ಬಗ್ಗೆ ಒಂದು ಮಾತು. ಈ ಬೋರ್ಡ್‌ಗಳು ಮೊದಲ ಸಲ ಆನ್ ಮಾಡಿದಾಗ ರ್‍ಯಾಮ್ ಜೊತೆ ಹೊಂದಿಕೊಳ್ಳಲು ಹಲವು ನಿಮಿಷ ತಗೊಳ್ಳುತ್ತವೆ. ಪರದೆ ಪೂರ್ತಿ ಕಪ್ಪು, ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ. ನಾಪೋಕ್ಲಿನಿಂದ ಒಬ್ಬರು ಹೊಸ ಮಷಿನ್ ಸತ್ತಿದೆ ಅಂತ ಜೀಪಿನಲ್ಲಿ ಹಾಕಿಕೊಂಡು ಬಂದಿದ್ದರು, ಅದಕ್ಕೆ ಏನೂ ಆಗಿರಲಿಲ್ಲ. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಬಿಡಿ, ಮಧ್ಯೆ ಆಫ್ ಮಾಡಬೇಡಿ. ಆಮೇಲೆ ಒಂದು ರಾತ್ರಿ ಪೂರ್ತಿ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ರ್‍ಯಾಮ್ ವಾಪಸ್ ಕೊಡಿ. ಅದು ಸರಿಯಿದ್ದರೆ, ಲ್ಯಾಪ್‌ಟಾಪ್‌ನಲ್ಲಿ ಎರಡು ದಿನ ಹಿಡಿದ ಅದೇ ತೋಟವನ್ನು ಅದೇ ಸೆಟ್ಟಿಂಗ್‌ನಲ್ಲಿ ಓಡಿಸಿ, ಹಂತ ಹಂತದ ಸಮಯ ಬರೆದುಕೊಂಡು, ಹಳೆಯ ಹಾಳೆ ಪಕ್ಕ ಇಟ್ಟು ಅಪ್ಪನಿಗೆ ತೋರಿಸಿ.